ಪಾಸ್‌ಬುಕ್‌ನಲ್ಲಿ ಕಾಣದ ಆರು ವರ್ಷ
ಓದುಗರ ಪ್ರಶ್ನೆ, ನಮ್ಮ ಉತ್ತರ: ಪಿಎಫ್ ಮತ್ತು ಪಿಂಚಣಿ

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. 2028ರ ಆಗಸ್ಟ್‌ಗೆ 58 ತುಂಬುತ್ತದೆ. ಜೂನ್ 2003ರಿಂದ ಮೇ 2009ರವರೆಗೆ ಬೇರೆ ಫ್ಯಾಕ್ಟರಿಯಲ್ಲಿದ್ದೆ, ಬಿಟ್ಟ ಮೇಲೆ ಪಿಎಫ್ ದುಡ್ಡು ಬಿಡಿಸಿಕೊಂಡೆ. ಈಗಿನ ಕಡೆ ಸೇರಿದ್ದು ಸೆಪ್ಟೆಂಬರ್ 2010ರಲ್ಲಿ. ಪೋರ್ಟಲ್‌ನಲ್ಲಿ ನನ್ನ ಸರ್ವಿಸ್ ಅಲ್ಲಿಂದಲೇ ಶುರು. ಆ ಆರು ವರ್ಷವನ್ನು ಪಿಂಚಣಿಗೆ ಸೇರಿಸಲು ಎಷ್ಟು ದುಡ್ಡು ಕಟ್ಟಬೇಕು?
– ಓದುಗರು, ಹಿರೇಹಳ್ಳಿ, ತುಮಕೂರು ತಾಲ್ಲೂಕು

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ಕಟ್ಟುತ್ತೇನೆಂದರೂ ತೆಗೆದುಕೊಳ್ಳುವವರಿಲ್ಲ. ನೌಕರರ ಪಿಂಚಣಿ ಯೋಜನೆ 1995ರಲ್ಲಿ, ಅಂದರೆ ಇಪಿಎಸ್‌ನಲ್ಲಿ, ಬಿಟ್ಟುಹೋದ ವರ್ಷವನ್ನು ಕೈಯಿಂದ ಕಟ್ಟಿ ಕೊಳ್ಳುವ ದಾರಿಯೇ ಇಲ್ಲ. ‘ಇಷ್ಟು ಕೊಡಿ, ಸರ್ವಿಸ್ ಸೇರಿಸಿ ಕೊಡ್ತೀನಿ’ ಎನ್ನುವ ಏಜೆಂಟರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಇಲ್ಲಿ ಖಾಲಿ ಜಾಗ ತುಂಬುವುದು ದಾಖಲೆಯಿಂದ.

ನಿಮ್ಮ ವಿಷಯವೆಲ್ಲ ನಿಂತಿರುವುದು 2009ರಲ್ಲಿ ನೀವು ಯಾವ ಫಾರಂಗೆ ಸಹಿ ಹಾಕಿದಿರಿ ಎನ್ನುವುದರ ಮೇಲೆ. ಪಿಎಫ್ ದುಡ್ಡಿಗೆ ಫಾರಂ 19, ಪಿಂಚಣಿ ಭಾಗಕ್ಕೆ ಫಾರಂ 10ಸಿ. 19 ಮಾತ್ರ ಕೊಟ್ಟಿದ್ದರೆ ಆರು ವರ್ಷದ ಪಿಂಚಣಿ ಸರ್ವಿಸ್ ಇನ್ನೂ ಜೀವಂತ. 10ಸಿಯಲ್ಲೂ ದುಡ್ಡು ತೆಗೆದಿದ್ದರೆ ಆ ಸರ್ವಿಸ್ ಅಲ್ಲಿಗೇ ಮುಗಿದಿದೆ, ವಾಪಸ್ ಕಟ್ಟಿದರೂ ಬರುವುದಿಲ್ಲ. ಕೆಲಸ ಬಿಡುವ ದಿನ ಎರಡೂ ಫಾರಂಗೆ ಒಟ್ಟಿಗೆ ಸಹಿ ಹಾಕಿಸಿಕೊಳ್ಳುವ ರೂಢಿ ಗಾರ್ಮೆಂಟ್ಸ್ ಕಡೆ ಬಹಳ, ಹಾಗಾಗಿ ನೆನಪನ್ನು ನಂಬಬೇಡಿ. 2009–10ರ ಬ್ಯಾಂಕ್ ಪಾಸ್‌ಬುಕ್ ಹುಡುಕಿ. ಪಿಎಫ್ ಕಚೇರಿಯಿಂದ ಒಂದೇ ಮೊತ್ತ ಜಮಾ ಆಗಿದ್ದರೆ ಆಸೆಯಿದೆ. ಕೆಲವು ದಿನಗಳ ಅಂತರದಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಎಂದು ಎರಡು ಜಮಾ ಇದ್ದರೆ ಆ ಚಿಕ್ಕದು ಬಹುಮಟ್ಟಿಗೆ 10ಸಿಯದು.

ಬರೀ 19 ಎಂದು ಖಾತ್ರಿಯಾದರೆ ಹಳೆಯ ಪಿಎಫ್ ಸಂಖ್ಯೆ ಬೇಕು. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಒಂದೇ ಪಿಎಫ್ ಗುರುತಿನ ಸಂಖ್ಯೆ, ಬಂದದ್ದು 2014ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಫ್ಯಾಕ್ಟರಿಗೂ ಒಂದೊಂದು ಸಂಖ್ಯೆ, ನಡುನಡುವೆ ಓರೆಗೆರೆ ಹಾಕಿ ಬರೆದದ್ದು. ಹಳೆಯ ಸಂಬಳ ಚೀಟಿ ಅಥವಾ ವರ್ಷದ ಪಿಎಫ್ ಸ್ಲಿಪ್‌ನಲ್ಲಿ ಸಿಗುತ್ತದೆ. ಆ ಸಂಖ್ಯೆ ಹಿಡಿದು ಫಾರಂ 10ಸಿ ಕೊಡಿ, ಆದರೆ ಈ ಸಲ ದುಡ್ಡು ಕೈಗೆ ಕೊಡುವ ‘ವಿತ್‌ಡ್ರಾಯಲ್ ಬೆನಿಫಿಟ್’ ಬೇಡ, ಸರ್ವಿಸ್ ಉಳಿಸಿಕೊಡುವ ‘ಸ್ಕೀಂ ಸರ್ಟಿಫಿಕೇಟ್’ ಎಂದು ಗುರುತು ಮಾಡಿ. ಇದೊಂದು ಗುರುತಿನಲ್ಲಿ ತಪ್ಪಿದರೆ ಆರು ವರ್ಷ ಕೈಬಿಟ್ಟಂತೆ. ಬಂದ ಸರ್ಟಿಫಿಕೇಟನ್ನು ಜೋಪಾನ ಮಾಡಿ, 58ಕ್ಕೆ ಪಿಂಚಣಿ ಅರ್ಜಿಯಾದ ಫಾರಂ 10ಡಿ ಹಾಕುವಾಗ ಜೊತೆಗಿಡಿ.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರು, ಹುಟ್ಟಿದ ದಿನಾಂಕದ ಕಾರಣಕ್ಕೆ. 2003ರ ರಿಜಿಸ್ಟರ್‌ನಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಅಲ್ಲಿ ‘ಲಕ್ಷ್ಮಮ್ಮ’, ಇಲ್ಲಿ ‘ಲಕ್ಷ್ಮಿ’. ಅಂದು ಅಂದಾಜಿಗೆ ಬರೆಸಿದ ವಯಸ್ಸು. ಇದನ್ನು ಜಾಯಿಂಟ್ ಡಿಕ್ಲರೇಶನ್‌ನಲ್ಲಿ (ನೌಕರರು, ಕಂಪನಿ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಮೊದಲು ಸರಿಮಾಡಿಸಿ, ಆಮೇಲೆ 10ಸಿ. ಹಳೆಯ ಫ್ಯಾಕ್ಟರಿ ಮುಚ್ಚಿದ್ದರೆ ಆ ಖಾತೆ ಯಾವ ಪಿಎಫ್ ಕಚೇರಿಯಲ್ಲಿದೆಯೋ ಅಲ್ಲಿಗೇ ಹೋಗಬೇಕು. ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರದಲ್ಲಿ ಅಧಿಕಾರಿಗಳೇ ಕೂತಿರುತ್ತಾರೆ. ಕೌಂಟರ್‌ಗಿಂತ ಅಲ್ಲಿ ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಓಡಾಟ ಯಾಕೆಂದರೆ, ಲೆಕ್ಕ ನೋಡಿ. ಪಿಂಚಣಿ ಸಂಬಳವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ. ಸಂಬಳವೆಂದರೆ ಕೊನೆಯ 60 ತಿಂಗಳ ಸರಾಸರಿ. 1 ಸೆಪ್ಟೆಂಬರ್ 2014ಕ್ಕೆ ಮುಂಚಿನ ವರ್ಷಗಳಿಗೆ ಆ ಸರಾಸರಿಗೆ 6,500 ರೂ. ಮಿತಿ, ಆಮೇಲಿನದಕ್ಕೆ 15,000. ಸರಾಸರಿ 12,000 ಎಂದುಕೊಳ್ಳೋಣ. ಈಗಿನ ಸರ್ವಿಸ್ ಮಾತ್ರ ಹಿಡಿದರೆ 2014ಕ್ಕೆ ಮುಂಚಿನ 4 ವರ್ಷ, ನಂತರದ 14 ವರ್ಷ: 26,000 ಮತ್ತು 1,68,000 ಕೂಡಿಸಿ 70ರಿಂದ ಭಾಗಿಸಿದರೆ 2,771 ರೂ. ಹಳೆಯ ಆರು ವರ್ಷ ಸೇರಿದರೆ 3,329. 2003ರಲ್ಲಿ ನಿಮ್ಮ ಸಂಬಳ ಎರಡೂವರೆ ಸಾವಿರ ಇದ್ದಿರಬಹುದು, ಆದರೂ ಆ ವರ್ಷಗಳಿಗೆ ಲೆಕ್ಕಕ್ಕೆ ಬರುವುದು 6,500. ಹಳೆಯ ವರ್ಷಗಳನ್ನು ಹಗುರವಾಗಿ ನೋಡಬೇಡಿ ಎನ್ನುವುದು ಇದಕ್ಕೇ. ಇನ್ನೂ ಒಂದಿದೆ. 58ರವರೆಗೆ ಇದ್ದು 20 ವರ್ಷ ಪಿಂಚಣಿ ಸರ್ವಿಸ್ ಮುಗಿಸಿದವರಿಗೆ 2 ವರ್ಷ ಬೋನಸ್. ಈಗಿನ ಕಡೆಯದು ಮಾತ್ರ ಹಿಡಿದರೆ 58ಕ್ಕೆ ನಿಮ್ಮದು 18, ಸಿಗುವುದಿಲ್ಲ. 24 ಆದರೆ ಸಿಗುತ್ತದೆ, ಇನ್ನೂರು ಮುನ್ನೂರರ ನಡುವೆ ಇನ್ನೊಂದು ಮೊತ್ತ ಸೇರುತ್ತದೆ.

ಪ್ರಶ್ನೆ: ಹಳೆಯ ಕಂಪನಿಯ ಪಿಎಫನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿದೆ. ಪಾಸ್‌ಬುಕ್‌ನಲ್ಲಿ ನನ್ನ ಪಾಲು, ಕಂಪನಿ ಪಾಲು ಬಂದಿದೆ, ಪಿಂಚಣಿ ಕಾಲಂನಲ್ಲಿ ಸೊನ್ನೆ. ದುಡ್ಡು ಹೋಯಿತೇ?
– ಓದುಗರು, ಗುಬ್ಬಿ

ಉತ್ತರ: ಹೋಗಿಲ್ಲ. ಟ್ರಾನ್ಸ್‌ಫರ್‌ನಲ್ಲಿ ಪಿಂಚಣಿ ದುಡ್ಡು ಚಲಿಸುವುದೇ ಇಲ್ಲ, ಸರ್ವಿಸ್ ಮಾತ್ರ ಚಲಿಸುತ್ತದೆ. ಸೊನ್ನೆ ಬಿಟ್ಟು ಅನೆಕ್ಸರ್ ಕೆ, ಅಂದರೆ ಟ್ರಾನ್ಸ್‌ಫರ್ ವಿವರದ ಪತ್ರ ನೋಡಿ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಎನ್‌ಸಿಪಿ ದಿನಗಳು ಅದರಲ್ಲಿರುತ್ತವೆ. ಈ ಎನ್‌ಸಿಪಿ ಕಡೆಗೆ ಕಣ್ಣಿರಲಿ: ಸಂಬಳವಿಲ್ಲದ ರಜೆಯ ದಿನಗಳು ಅವು, ಪಿಂಚಣಿ ಸರ್ವಿಸ್‌ನಿಂದ ಕಳೆದುಹೋಗುತ್ತವೆ. ವರ್ಷಪೂರ್ತಿ ಕೆಲಸ ಮಾಡಿದವರ ಹೆಸರಿನಲ್ಲಿ ತಿಂಗಳಿಗೆ 30 ಎಂದು ತಪ್ಪಾಗಿ ತುಂಬಿರುವುದೂ ಉಂಟು. ಹಾಗಿದ್ದರೆ ಹಾಜರಿ ಪುಸ್ತಕ, ವೇತನ ಪಟ್ಟಿಯ ಆಧಾರದ ಮೇಲೆ ಕಂಪನಿಯಿಂದಲೇ ತಿದ್ದಿಸಬೇಕು. ಕಂಪನಿ ತೆರೆದಿರುವಾಗಲೇ ಮಾಡಿಸಿ.

ಪ್ರಶ್ನೆ: 14 ತಿಂಗಳು ಸಂಬಳದಲ್ಲಿ ಪಿಎಫ್ ಹಿಡಿದರು, ಕಟ್ಟಲಿಲ್ಲ. ಈಗ ಯೂನಿಟ್ ಬಾಗಿಲು ಹಾಕಿದೆ. ನನ್ನ ಸರ್ವಿಸ್ 9 ವರ್ಷ 4 ತಿಂಗಳಿಗೆ ನಿಂತಿದೆ.
– ಓದುಗರು, ಸಿರಾ

ಉತ್ತರ: ಪಿಂಚಣಿಗೆ 10 ವರ್ಷ ಬೇಕು. ಆರು ತಿಂಗಳು ಅಥವಾ ಮೇಲಿದ್ದರೆ ಒಂದು ವರ್ಷವೆಂದು ಹಿಡಿಯುತ್ತಾರೆ, ಹಾಗಾಗಿ 9 ವರ್ಷ 6 ತಿಂಗಳಾದರೆ ದಾಟಿದಿರಿ. ನಿಮಗೆ ಬೇಕಿರುವುದು ಇನ್ನು ಎರಡೇ ತಿಂಗಳು! ವಯಸ್ಸು 58ರೊಳಗಿದ್ದರೆ ಪಿಎಫ್ ಇರುವ ಇನ್ನೊಂದು ಕಡೆ ಅದೇ ಯುಎಎನ್‌ನಲ್ಲಿ ಸೇರಿ ಆ ಎರಡು ತಿಂಗಳು ದಾಟಿಸಿ. ಅಲ್ಲಿಯವರೆಗೆ ಯಾರು ಹೇಳಿದರೂ 10ಸಿ ದುಡ್ಡು ತೆಗೆಯಬೇಡಿ.

ಬಾಕಿಯ 14 ತಿಂಗಳಿಗೆ ಮೊದಲು ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದ ತಾಣದ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ನಲ್ಲಿ ಯೂನಿಟ್ ಹೆಸರು ಹಾಕಿ. ಯಾವ ತಿಂಗಳಿಗೆ ಎಷ್ಟು ಜನರಿಗೆ ಎಷ್ಟು ಕಟ್ಟಿದ್ದಾರೆ ಎಂಬುದು ಯಾರಿಗೂ ಕಾಣುತ್ತದೆ. ಕಟ್ಟೇ ಇಲ್ಲದಿದ್ದರೆ ಒಂದು ಬಗೆ, ಬೇರೆಯವರಿಗೆ ಕಟ್ಟಿ ನಿಮ್ಮ ಹೆಸರು ಬಿಟ್ಟಿದ್ದರೆ ಇನ್ನೊಂದು ಬಗೆ, ದೂರಿನಲ್ಲಿ ಯಾವುದೆಂದು ಬರೆಯಿರಿ. ಪಿಎಫ್ ಹಿಡಿದ ಸಂಬಳ ಚೀಟಿ, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಗೇಟ್ ಪಾಸ್ ಇಟ್ಟು ಇಪಿಎಫ್‌ಒದ ಆನ್‌ಲೈನ್ ದೂರು ತಾಣ ಇಪಿಎಫ್‌ಐಜಿಎಂಎಸ್‌ನಲ್ಲಿ ದೂರು ಹಾಕಿ. ಬಾಕಿ ಎಷ್ಟೆಂದು ನಿರ್ಣಯಿಸುವ ವಿಚಾರಣೆಯನ್ನು ಕಚೇರಿಯಲ್ಲಿ ‘7ಎ’ ಎನ್ನುತ್ತಾರೆ, ಅದನ್ನೇ ಕೇಳಿ. ನಾಲ್ಕಾರು ಜನ ಸೇರಿ ದೂರು ಕೊಟ್ಟರೆ ಒಬ್ಬರದಕ್ಕಿಂತ ತೂಕ ಜಾಸ್ತಿ. ಆಸ್ತಿ ಹರಾಜಾದ ಮೇಲೆ ಹೋದರೆ ಕೆಲಸ ಕಷ್ಟ, ತಡಮಾಡಬೇಡಿ.

ಪ್ರಶ್ನೆ: ಮಗಳು ನರ್ಸ್. ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ 2012ರಿಂದ 2023ರವರೆಗೆ 11 ವರ್ಷ ಇದ್ದು ಬಂದಿದ್ದಾಳೆ. ಅಲ್ಲಿನ ಸರ್ಕಾರಿ ಪಿಂಚಣಿಗೆ ಇಲ್ಲಿಂದಲೇ ಕಟ್ಟಬಹುದಂತೆ, ನಿಜವೇ?
– ಓದುಗರು, ತಿಪಟೂರು

ಉತ್ತರ: ನಿಜ. ನಮ್ಮಲ್ಲಿ ಇಲ್ಲದ ಸೌಲಭ್ಯ ಅಲ್ಲಿದೆ: ಬಿಟ್ಟುಹೋದ ವರ್ಷವನ್ನು ದುಡ್ಡು ಕೊಟ್ಟು ತುಂಬಬಹುದು. 2016ರ ಏಪ್ರಿಲ್‌ನಿಂದ ಬಂದ ಹೊಸ ಪಿಂಚಣಿಗೆ ಕನಿಷ್ಠ 10 ವರ್ಷ, ಪೂರ್ತಿ ಮೊತ್ತಕ್ಕೆ 35 ವರ್ಷದ ನ್ಯಾಷನಲ್ ಇನ್ಶೂರೆನ್ಸ್ (ಅಲ್ಲಿನ ಸರ್ಕಾರಿ ವಿಮೆಯ ವಂತಿಗೆ) ದಾಖಲೆ ಬೇಕು. ಮಗಳದು 10 ದಾಟಿದೆ. 2025–26ರ ದರದಲ್ಲಿ ಪೂರ್ತಿ ಪಿಂಚಣಿ ವಾರಕ್ಕೆ 230.25 ಪೌಂಡ್ ಇತ್ತು. ಆ ಲೆಕ್ಕದಲ್ಲಿ ಒಂದು ವರ್ಷ ಸೇರಿಸಿದರೆ ವಾರಕ್ಕೆ ಸುಮಾರು 6.58 ಪೌಂಡ್, ವರ್ಷಕ್ಕೆ 342 ಹೆಚ್ಚುತ್ತದೆ. ಅದಕ್ಕೆ ಕಟ್ಟಬೇಕಾದ್ದು ಕ್ಲಾಸ್ 3 ಎಂಬ ಸ್ವಯಂ ವಂತಿಗೆ, ಅದೇ 2025–26ರ ದರದಲ್ಲಿ ವಾರಕ್ಕೆ 17.75, ವರ್ಷಕ್ಕೆ ಸುಮಾರು 923 ಪೌಂಡ್. ಪಿಂಚಣಿ ಶುರುವಾದ ಮೇಲೆ ಮೂರು ವರ್ಷದೊಳಗೆ ಕಟ್ಟಿದ್ದು ವಾಪಸ್. ಹೊರದೇಶದಲ್ಲಿದ್ದವರಿಗಿದ್ದ ಅಗ್ಗದ ಕ್ಲಾಸ್ 2 ದಾರಿ 6 ಏಪ್ರಿಲ್ 2026ರಿಂದ ಮುಚ್ಚಿದೆ. ಆ ದಿನದಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ಅಲ್ಲಿ 10 ವರ್ಷ ವಾಸ ಅಥವಾ ವಂತಿಗೆಯೂ ಇರಬೇಕು, ಮಗಳಿಗೆ ಅದು ತೊಡಕಾಗದು.

ಕಟ್ಟುವ ಮುಂಚೆ ಬ್ರಿಟನ್ ಸರ್ಕಾರದ ತಾಣದಲ್ಲಿ ಪಿಂಚಣಿ ಅಂದಾಜು ತೆಗೆಸಲಿ. 2016ಕ್ಕೆ ಮುಂಚೆ ಎನ್‌ಎಚ್‌ಎಸ್ ಪಿಂಚಣಿಯಲ್ಲಿದ್ದವರ ಆ ವರ್ಷಗಳಿಗೆ ‘ಕಾಂಟ್ರ್ಯಾಕ್ಟೆಡ್ ಔಟ್’ (ಆಗ ಸರ್ಕಾರಕ್ಕೆ ಕಡಿಮೆ ವಂತಿಗೆ ಕಟ್ಟಿದ್ದಕ್ಕೆ) ಕಡಿತ ಇರುತ್ತದೆ, ಬರೀ 35ರ ಲೆಕ್ಕ ಹಾಕಿದರೆ ಮೊತ್ತ ತಪ್ಪುತ್ತದೆ. ಅರ್ಜಿ ಸಿಎಫ್83. ಸಾಮಾನ್ಯವಾಗಿ ಹಿಂದಿನ ಆರು ವರ್ಷಕ್ಕೆ ಮಾತ್ರ ಕಟ್ಟಬಹುದು: 2023–24ರದಕ್ಕೆ ಗಡುವು 5 ಏಪ್ರಿಲ್ 2030. ಬಿಟ್ಟು ಬಂದ ವರ್ಷದಲ್ಲಿ ಕೆಲವು ತಿಂಗಳ ವಂತಿಗೆ ಕಟ್ಟಿದ್ದರೆ ಉಳಿದ ವಾರಗಳದ್ದನ್ನಷ್ಟೇ ಕೊಟ್ಟರೆ ವರ್ಷ ಪೂರ್ತಿ, ಮೊದಲು ಅದನ್ನೇ ಕೊಳ್ಳಲಿ. ಒಂದು ಮಾತು ಮಾತ್ರ ಮಗಳಿಗೆ ಮುಂಚೆಯೇ ತಿಳಿದಿರಲಿ: ಭಾರತದಲ್ಲಿ ವಾಸಿಸುವವರಿಗೆ ಆ ಪಿಂಚಣಿ ವರ್ಷವರ್ಷ ಏರುವುದಿಲ್ಲ. ಇಲ್ಲಿ ಪಡೆಯಲು ಶುರುಮಾಡಿದ ದಿನ ಎಷ್ಟಿತ್ತೋ, ಇಲ್ಲಿರುವಷ್ಟು ಕಾಲ ಅಷ್ಟೇ.