ಬಲೂನು ಎಡಗಾಲಿಗೆ, ಗಂಟು ಬಲಗಡೆ!

ಪ್ರಶ್ನೆ: ನಮ್ಮ ಮಾವನವರಿಗೆ 66 ವರ್ಷ. ಆಲೆಮನೆ ನಡೆಸುತ್ತಾರೆ. ಶುಗರ್ ಇದೆ, ಬೀಡಿ ಬಿಟ್ಟಿಲ್ಲ. ನಾಲೆ ಏರಿಯ ಮೇಲೆ ನೂರು ಹೆಜ್ಜೆ ಹಾಕಿದರೆ ಎಡ ಮೀನಖಂಡ ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಮೈಸೂರಿನಲ್ಲಿ ಕಾಲಿನ ಕಟ್ಟಿಕೊಂಡ ರಕ್ತನಾಳವನ್ನು ಬಲೂನು ಹಾಕಿ ಹಿಗ್ಗಿಸಿ, ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಕೂರಿಸಿದರು. ಪಾದ ಈಗ ಬೆಚ್ಚಗಿದೆ. ಆದರೆ ಐದನೇ ದಿನ ಬಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿತು, ಸುತ್ತ ನೇರಳೆ ಬಣ್ಣ. ಅತ್ತೆ ಉಪ್ಪು ಹುರಿದು ಶಾಖ ಕೊಡುತ್ತಿದ್ದಾರೆ. ಕಾಯಿಲೆ ಎಡಗಾಲಿನದು, ಗಂಟು ಬಲಗಡೆ ಯಾಕೆ? ಹೃದಯಕ್ಕೆ ಮಾಡುವುದನ್ನು ಕಾಲಿಗೆ ಪ್ರಯೋಗ ಮಾಡಿಬಿಟ್ಟರಾ? ಬಲೂನು ಹಾಕಿದ ದಿನ ಮಲಗಿಯೇ ಇರಬೇಕಿದ್ದಾಗ ಬೆಡ್‌ಪ್ಯಾನ್ ಬೇಡವೆಂದು ಮಾವ ಎದ್ದು ಹೋಗಿದ್ದೇ ತಪ್ಪಾಯಿತಾ?
— ಒಬ್ಬ ಸೊಸೆ, ಮದ್ದೂರು ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರ ಓದಿದ ದಿನವೇ ಪತ್ರಿಕೆಯವರಿಂದ ಫೋನ್ ಮಾಡಿಸಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಮೊದಲು ಆ ಉಪ್ಪಿನ ಶಾಖ ನಿಲ್ಲಲಿ. ಗಂಟಿನ ಮೇಲೆ ಎರಡು ಬೆರಳು ಹಗುರಾಗಿ ಇಟ್ಟು ನೋಡಿ. ನಾಡಿಯ ಹಾಗೆ ಮಿಡಿಯುತ್ತಿದ್ದರೆ ಅದು ಬರೀ ಹೆಪ್ಪುಗಟ್ಟಿದ ರಕ್ತವಲ್ಲ. ಬಲ ತೊಡೆಸಂದಿಯಲ್ಲಿ ತೂತು ಮಾಡಿ, ಕೊಳವೆಯನ್ನು ಹೊಕ್ಕುಳ ಮಟ್ಟದಲ್ಲಿರುವ ದೊಡ್ಡ ರಕ್ತನಾಳದ ಕವಲಿನವರೆಗೆ ಏರಿಸಿ, ಅಲ್ಲಿಂದ ಎಡಗಾಲಿಗೆ ಇಳಿಸುತ್ತಾರೆ. ಗಂಟು ಬಲಗಡೆ ಬಂದದ್ದು ಅದಕ್ಕೇ. ಆ ತೂತು ಪೂರ್ತಿ ಮುಚ್ಚಿಲ್ಲ. ಗದ್ದೆ ಬದುವಿನಲ್ಲಿ ಏಡಿ ಬಿಲ ಕೊರೆದರೆ ನೀರು ನುಗ್ಗುತ್ತದಲ್ಲ, ಹಾಗೆ ಪ್ರತಿ ಬಡಿತಕ್ಕೂ ರಕ್ತ ಹೊರಗೆ ನುಗ್ಗಿ ಒಂದು ಚೀಲ ಕಟ್ಟಿಕೊಂಡಿದೆ. ಇದಕ್ಕೆ ಸ್ಯೂಡೋಅನ್ಯೂರಿಸಂ ಎನ್ನುತ್ತೇವೆ.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ನಿಮಿಷಗಳಲ್ಲೇ ಗೊತ್ತಾಗುತ್ತದೆ. ಎಷ್ಟೋ ಸಲ ಸ್ಕ್ಯಾನ್ ನೋಡುತ್ತಲೇ ಚೀಲದೊಳಗೆ ಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಔಷಧ ಚುಚ್ಚಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಗಂಟು ಬೇಗ ಬೆಳೆಯುತ್ತಿದ್ದರೆ, ಮೇಲಿನ ಚರ್ಮ ಬಿಗಿದು ಮಿರುಗುತ್ತಿದ್ದರೆ ಆಪರೇಷನ್ನೇ ಬೇಕಾದೀತು. ಆಸ್ಪತ್ರೆಗೆ ಹೊರಡುವ ಮುನ್ನ ಗಂಟಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯಿರಿ, ಹೆಚ್ಚಾಯಿತೋ ಇಲ್ಲವೋ ಡಾಕ್ಟರಿಗೆ ತಿಳಿಯುತ್ತದೆ. ಸೊಂಟನೋವು, ತಲೆಸುತ್ತು, ಬೆವರು ಬಂದರೆ ರಕ್ತ ಒಳಗೇ ಸೋರುತ್ತಿರಬಹುದು. ಆಗ 108ಕ್ಕೆ ಕರೆ ಮಾಡಿ.

ಮಾವನವರನ್ನು ಬೈಯಬೇಡಿ. ಬೇಗ ಎದ್ದದ್ದು ಒಂದು ಕಾರಣ ಇರಬಹುದು. ಆದರೆ ಶುಗರ್‌ನಿಂದ ಗಡುಸಾದ ನಾಳ, ರಕ್ತ ತೆಳು ಮಾಡುವ ಮಾತ್ರೆ, ತೂತು ಮಾಡುವ ಸೂಜಿ ಸರಿಯಾದ ಜಾಗಕ್ಕಿಂತ ತುಸು ಕೆಳಗೆ ಬೀಳುವುದು, ಇವೂ ಕಾರಣ. ಕೊನೆಯದು ನಮ್ಮ ಡಾಕ್ಟರುಗಳ ಕಡೆಯದು, ಒಪ್ಪಿಕೊಳ್ಳಲೇಬೇಕು. ಹಾಗೆಂದು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಕಟ್ಟಿಕೊಂಡೀತು.

ಕಾಲಿಗೆ ಬಲೂನು ಹಾಕುವುದು ಪ್ರಯೋಗವೇನಲ್ಲ. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಮೊದಲು ಕೊಳವೆ ತೂರಿಸಿ ತೆರೆದದ್ದು ಕಾಲಿನ ನಾಳವನ್ನೇ. ಹೃದಯಕ್ಕೆ ಬಲೂನು ಬಂದದ್ದು 1977ರಲ್ಲಿ.

ಎಡ ಪಾದವನ್ನು ದಿನಾ ಮುಟ್ಟಿ ನೋಡುತ್ತಿರಿ. ದಿಢೀರನೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ಸ್ಟೆಂಟ್ ಮುಚ್ಚಿರಬಹುದು. ಆಮೇಲೆ ಕಾಲು ಉಳಿಯುವುದು ಗಂಟೆಗಳ ಲೆಕ್ಕದಲ್ಲಿ. ನಡುರಾತ್ರಿಯಾದರೂ ಊರಿನ ಕಾರಿನವನನ್ನು ಎಬ್ಬಿಸಿ, ಬೆಳಗಾಗಲಿ ಎನ್ನಬೇಡಿ.