ಏನ್ ತಿಂದಿ?

ಕೈಯಲ್ಲಿ ಪಟ್ಟಿ ಹಿಡಿದು ಬರುವವರು ಈಗೀಗ ಹೆಚ್ಚಾಗಿದ್ದಾರೆ. ಗೋಧಿ ಬಿಟ್ಟೆ, ಹಾಲು ಬಿಟ್ಟೆ, ಸಕ್ಕರೆ ಬಿಟ್ಟೆ, ಚಹಾ ಬಿಟ್ಟೆ ಎಂದು ಒಂದೊಂದಾಗಿ ಓದಿ, ಕೊನೆಗೆ "ಇನ್ನೇನ್ ಬಿಡ್ಲಿ?" ಎಂದು ಕೇಳುತ್ತಾರೆ. ನಾನು ಆಹಾರತಜ್ಞೆಯಲ್ಲ. ಹುಬ್ಬಳ್ಳಿಯಲ್ಲಿ ಸ್ತ್ರೀರೋಗ ವೈದ್ಯರ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರುವ ಆಪ್ತಸಲಹೆಗಾರ್ತಿ. ಎಂಡೊಮೆಟ್ರಿಯೋಸಿಸ್ ಇರುವ ಮೂವರು ಒಂದೇ ವರ್ಷದಲ್ಲಿ ಇಂಥದೇ ಪಟ್ಟಿ ತಂದರು. ಅವರಲ್ಲಿ ಒಬ್ಬಳ ವಿಷಯದಲ್ಲಿ ನಾನು ಎಡವಿದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ.

ಗೀತಾ ಎಂದು ಕರೆಯೋಣ. ವಯಸ್ಸು 29, ಮದುವೆಯಾಗಿ ನಾಲ್ಕು ವರ್ಷ. ಹೈಸ್ಕೂಲಿನಲ್ಲಿದ್ದಾಗಿನಿಂದ ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದಷ್ಟು ನೋವು. "ಎಲ್ಲಾರಿಗೂ ಆಗೂದು, ನಿನಗೇನ್ ಹೊಸಾದು?" ಎಂಬ ಮಾತು ಕೇಳುತ್ತಲೇ ಹನ್ನೆರಡು ವರ್ಷ ಹೋಯಿತು. 27ರಲ್ಲಿ ಮಾಡಿಸಿದ ಸ್ಕ್ಯಾನಿನಲ್ಲಿ ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗುಳ್ಳೆ, ಕಂಡಿತು. ಎಂಡೊಮೆಟ್ರಿಯೋಸಿಸ್‌ನ ಗುರುತು ಅದು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದ ಮೇಲೆ, ಕರುಳಿನ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ ಬೆಳೆದು ಉರಿಯೂತ ಎಬ್ಬಿಸುವ ಕಾಯಿಲೆಯೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದೆ. ವೈದ್ಯರು ದಿನಕ್ಕೆ 2 ಮಿಲಿಗ್ರಾಂ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಬರೆದಿದ್ದರು.

ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದು. ಮೊದಲ ದಿನವೇ ಉತ್ಸಾಹದಿಂದ ಹೇಳಿದಳು: ಐದು ತಿಂಗಳಿಂದ ಗ್ಲುಟೆನ್ (ಗೋಧಿಯಲ್ಲಿರುವ ಒಂದು ಪ್ರೋಟೀನು) ಮುಟ್ಟಿಲ್ಲ, ಹೊಟ್ಟೆ ಉಬ್ಬರ ಇಳಿದಿದೆ, ನೋವಿನ ಗದ್ದಲವೂ ಈಗ ಇಲ್ಲ. ಚಪಾತಿ, ರವೆ ಉಪ್ಪಿಟ್ಟು, ಶ್ಯಾವಿಗೆ, ಬ್ರೆಡ್ಡು ಯಾವುದೂ ಇಲ್ಲ. ಅಂಗಡಿಯ ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ಸಾರಿಗೆ ಇಂಗನ್ನೂ ನಿಲ್ಲಿಸಿದ್ದಳು. ಅವಳು ಹೇಳಿದ್ದು ನಿಜವೇ, ಪುಡಿ ಇಂಗಿನಲ್ಲಿ ಹಿಟ್ಟಿರುತ್ತದೆ. ಇಷ್ಟೆಲ್ಲ ಓದಿಕೊಂಡವಳನ್ನು ಕಂಡು ನನಗೆ ಮೆಚ್ಚುಗೆಯಾಯಿತು. "ಚಲೋ ಆತು" ಎಂದೆ. ಫೈಲಿನಲ್ಲಿ "ನೋವು ಹತೋಟಿಯಲ್ಲಿದೆ" ಎಂದು ಬರೆದೆ. ತೂಕ 51 ಕಿಲೋದಿಂದ 45ಕ್ಕೆ ಇಳಿದದ್ದೂ ಅದೇ ಹಾಳೆಯಲ್ಲಿತ್ತು. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರನೆಯ ಭೇಟಿಗೆ ಅವಳು ವಹಿ ತಂದಳು. ಉದ್ದ ಗೆರೆಯ ಲೆಕ್ಕದ ವಹಿ. ತಾರೀಖು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಿಂದದ್ದು, ಕೊನೆಯ ಕಾಲಂನಲ್ಲಿ ನೋವಿಗೆ ಹತ್ತರಲ್ಲಿ ಎಷ್ಟು ಎಂಬ ಅಂಕ. ಊಟದ ಕಾಲಂಗಳು ಚೊಕ್ಕವಾಗಿ ತುಂಬಿದ್ದವು. ಕೆಲವು ಕಡೆ ಕೆಂಪು ಶಾಯಿಯ ಅಡಿಗೆರೆ. ಎರಡನೆಯ ತಿಂಗಳಿಂದಾಚೆ ನೋವಿನ ಕಾಲಂ ಮಾತ್ರ ಖಾಲಿ.

"ಇಲ್ಲಿ ಏನೂ ಬರದಿಲ್ಲಲ್ಲ, ನೋವು ಬಂದಿಲ್ಲೇನು?"

"ಬಂದೈತ್ರಿ."

"ಮತ್ತ ಯಾಕ ಬರದಿಲ್ಲ?"

ಬಹಳ ಹೊತ್ತು ಮಾತಿಲ್ಲ. ಹೊರಗೆ ಆಟೋ ನಿಂತು ಹೋದ ಸದ್ದು ಕೇಳಿತು. ಆಮೇಲೆ ಹೇಳಿದಳು: "ಬರದ್ರ ಬಾಜೂಕಿನ ಸಾಲು ಓದಬೇಕಾಗ್ತೈತ್ರಿ, ನಾ ಏನ್ ತಿಂದೆ ಅಂತ. ಮನ್ಯಾಗೂ ಈಗ ಹೇಳಂಗಿಲ್ರಿ. ಹೇಳಿದ್ರ ಮೊದ್ಲ ಕೇಳೂದು ಅದನ್ನ. ಏನ್ ತಿಂದಿ?"

ಆಮೇಲೆ ಒಂದು ಸೀಮಂತದ ಕಥೆ ಬಂತು. ಎಲ್ಲರೂ ಒತ್ತಾಯ ಮಾಡಿದರೆಂದು ಅರ್ಧ ಹೋಳಿಗೆ ತಿಂದಿದ್ದಳು. ಎರಡು ದಿನಕ್ಕೆ ಮುಟ್ಟಾಯಿತು, ನೋವು ಬಂತು. ಲೆಕ್ಕದ ಪ್ರಕಾರ ಮುಟ್ಟು ಆ ದಿನವೇ ಬರಬೇಕಿತ್ತು. ಆದರೂ ಅತ್ತೆ "ಹೇಳಿದ್ದೆ, ಕೇಳಲಿಲ್ಲ" ಎಂದರು. ಗಂಡ ಏನೂ ಅನ್ನಲಿಲ್ಲ, ಮುಖ ಮಾತ್ರ ಅದನ್ನೇ ಹೇಳಿತಂತೆ. ಅಂದಿನಿಂದ ನೋವು ಬಂದ ರಾತ್ರಿ ಬಚ್ಚಲಿಗೆ ಹೋಗಿ, ನಳ ಬಿಟ್ಟು, ನೀರಿನ ಸದ್ದಿನಲ್ಲಿ ನರಳಿ ಬರುತ್ತಿದ್ದಳು. "ನೀರು ವೇಸ್ಟ್ ಆಗ್ತೈತಿ ಅಂತ ಅದೂ ಒಂದು ಚಿಂತಿ" ಎಂದು ನಕ್ಕಳು. ಹುಬ್ಬಳ್ಳಿಯಲ್ಲಿ ನೀರಿಗೆ ಎಷ್ಟು ದಿನ ಕಾಯಬೇಕೆಂದು ಗೊತ್ತಿರುವವರಿಗೆ ಆ ನಗು ಅರ್ಥವಾದೀತು.

"ಅಂದ್ರ ನೋವು ಇದ್ದಷ್ಟ ಐತಿ, ಹೇಳೂದು ಕಡಿಮಿ ಆಗೈತಿ" ಎಂದೆ. ವಹಿಯ ಅಂಚನ್ನು ಮಡಚುತ್ತ ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆಯೇ, "ಮಾತ್ರಿನೂ ಬಿಟ್ಟೇನ್ರಿ" ಎಂದಳು. ಮಾತ್ರೆ ತೆಗೆದುಕೊಂಡರೆ ಮುಟ್ಟು ನಿಲ್ಲುತ್ತದೆ, ಮುಟ್ಟು ನಿಂತರೆ ಮಕ್ಕಳಾಗುವುದು ಹೇಗೆ ಎಂದು ಮನೆಯಲ್ಲಿ ಮಾತು ಬಂದಿತ್ತು. ಊಟದಿಂದಲೇ ವಾಸಿಯಾಗುತ್ತದೆ ಎಂಬ ಸುದ್ದಿ ಸಿಕ್ಕಿದಾಗ ಮಾತ್ರೆ ಬಿಡುವುದಕ್ಕೆ ಎಲ್ಲರಿಗೂ ಒಪ್ಪಿಗೆಯಾಗುವ ಕಾರಣವೂ ಸಿಕ್ಕಿತು. ವೈದ್ಯರಿಗೆ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಮೊದಲ ದಿನ ನಾನು "ಚಲೋ ಆತು" ಎಂದ ಮೇಲೆ ಹೇಗೆ ಹೇಳಿಯಾಳು?

ಪಥ್ಯ ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಈ ಪ್ರಕರಣ ಕೇಳಿದ ಸಹೋದ್ಯೋಗಿಯೊಬ್ಬರು "ಅವಳಿಗಿದ್ದ ಒಂದು ಭರವಸೆಯನ್ನೂ ಕಿತ್ತುಕೊಂಡೆಯಲ್ಲ" ಎಂದು ಬೇಸರಪಟ್ಟರು. ಹೊಟ್ಟೆ ಉಬ್ಬರ ಇಳಿದದ್ದು ಅವಳ ಅನುಭವ, ಅದನ್ನು ಅಲ್ಲಗಳೆಯಲು ನಾನ್ಯಾರು? 2012ರಲ್ಲಿ ಇಟಲಿಯ ವೈದ್ಯರು ಎಂಡೊಮೆಟ್ರಿಯೋಸಿಸ್ ಇದ್ದ 207 ಮಹಿಳೆಯರಿಗೆ ಒಂದು ವರ್ಷ ಗ್ಲುಟೆನ್ ಇಲ್ಲದ ಊಟ ಕೊಟ್ಟು, ನೂರಕ್ಕೆ 75 ಮಂದಿಯಲ್ಲಿ ನೋವು ತಗ್ಗಿತೆಂದು ವರದಿ ಮಾಡಿದರು. ಅಂತರ್ಜಾಲದಲ್ಲಿ ತಿರುಗುವ ಅಂಕಿ ಇದೇ. ಎಂದಿನ ಊಟ ಮಾಡುವ ಇನ್ನೊಂದು ಗುಂಪನ್ನು ಇಟ್ಟು ಅವರು ಹೋಲಿಸಿರಲಿಲ್ಲ ಎಂಬುದು ಮಾತ್ರ ಅದರ ಜೊತೆ ತಿರುಗುವುದಿಲ್ಲ. 2022ರ ಯುರೋಪಿನ ಮಾರ್ಗಸೂಚಿ, ನೋವಿಗೆ ಇಂಥದೇ ಆಹಾರ ಎಂದು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎನ್ನುತ್ತದೆ. ಗೋಧಿ ಬಿಟ್ಟಾಗ ಹೊಟ್ಟೆ ಹಗುರಾಗುವುದಕ್ಕೆ ಬೇರೆ ಕಾರಣವೂ ಇರಬಹುದು. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಇದೆ. ನಮ್ಮ ಕರುಳಿಗೆ ಅದು ಜೀರ್ಣವಾಗದು, ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೂ ಅದೇ ಇದೆ. ಇಂಥ ಪದಾರ್ಥಗಳನ್ನು ಕಡಿಮೆ ಮಾಡಿದ ಊಟವನ್ನು ಆಸ್ಟ್ರೇಲಿಯಾದ ಮೋನಾಶ್ ವಿಶ್ವವಿದ್ಯಾಲಯದವರು 35 ಮಹಿಳೆಯರಲ್ಲಿ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ನೂರಕ್ಕೆ 60 ಮಂದಿಗೆ ಹೊಟ್ಟೆಯ ತೊಂದರೆ ತಗ್ಗಿತು. ಹೋಲಿಕೆಗೆಂದು ಕೊಟ್ಟ ಊಟದಲ್ಲಿ ನೂರಕ್ಕೆ 26 ಮಂದಿಗೆ. ತಗ್ಗಿದ್ದು ಹೊಟ್ಟೆಯ ತೊಂದರೆ ಎಂಬುದನ್ನು ಗಮನಿಸಿ. ಸಿಸ್ಟ್ ಕರಗಿತೆಂದು ಅವರೂ ಹೇಳಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಅರ್ಧ ಊಟದ್ದು, ಅರ್ಧ ಮಾತಿನದು. ಮಾತ್ರೆ ಬಿಟ್ಟದ್ದನ್ನು ಇವತ್ತೇ, ಪಕ್ಕದ ಕೋಣೆಗೆ ಹೋಗಿ, ವೈದ್ಯರಿಗೆ ಹೇಳು. ಮಗು ಬೇಕೆಂಬ ಆಸೆಯನ್ನೂ ಅಲ್ಲೇ ಹೇಳು, ಅದಕ್ಕೆ ಬೇರೆ ದಾರಿಗಳಿವೆ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇದೆಯೇ ಎಂಬ ರಕ್ತಪರೀಕ್ಷೆಯ ಬಗ್ಗೆ ಕೇಳು. ಇದನ್ನು ಗೋಧಿ ಬಿಡುವ ಮೊದಲೇ ಮಾಡಿಸಬೇಕಿತ್ತು. ಗೋಧಿ ತಿನ್ನದವರಲ್ಲಿ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲವೆಂದು ತೋರಿಸಬಹುದು. ದಕ್ಷಿಣ ಭಾರತದಲ್ಲಿ ಅದು ಉತ್ತರದಷ್ಟು ಕಾಣುವುದಿಲ್ಲ, ಆದರೂ ಆರು ಕಿಲೋ ಇಳಿದವಳಲ್ಲಿ ನೋಡದೇ ಬಿಡಬಾರದು. ಪಥ್ಯ ಮಾಡುವುದಾದರೆ ಆಹಾರತಜ್ಞೆಯ ಜೊತೆ ಮಾಡು, ಒಂದು ಸಲಕ್ಕೆ ಒಂದೇ ಪದಾರ್ಥ, ಮುಗಿಯುವ ತಾರೀಖು ಮೊದಲೇ ಬರೆದಿಡು. ಕೆಂಪು ಪೆನ್ನು ಇಲ್ಲೇ ಬಿಟ್ಟು ಹೋಗು. ಅದು ಈಗಲೂ ನನ್ನ ಡ್ರಾದಲ್ಲಿದೆ.

ಇನ್ನೊಂದು ಮಾತು ಹೇಳದೆ ಇರಲಾಗಲಿಲ್ಲ. ಅವಳು ಆನ್‌ಲೈನಿನಲ್ಲಿ ದುಬಾರಿ ಬೆಲೆಗೆ ಗ್ಲುಟೆನ್ ಫ್ರೀ ಬ್ರೆಡ್ ತರಿಸುತ್ತಿದ್ದಳು, ಮನೆಯಲ್ಲಿ ಅತ್ತೆ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದರು. ಜೋಳದಲ್ಲಿ ಗ್ಲುಟೆನ್ ಇಲ್ಲ. ಸಜ್ಜೆ, ರಾಗಿ, ನವಣೆ, ಅಕ್ಕಿ ಯಾವುದರಲ್ಲೂ ಇಲ್ಲ. ರೊಟ್ಟಿ, ಜುಣಕ, ಶೇಂಗಾ ಚಟ್ನಿ ತಿಂದರೆ ಅದು ಪಥ್ಯ ಎಂದು ಯಾರಿಗೂ ಅನ್ನಿಸುವುದಿಲ್ಲ, ಹಾಗಾಗಿ ಅವಳಿಗೂ ಅನ್ನಿಸಿರಲಿಲ್ಲ.

ಮುಂದಿನ ವಾರ ಗಂಡ, ಅತ್ತೆ ಇಬ್ಬರೂ ಬಂದರು. ನಾನು ಕೇಳಿಕೊಂಡದ್ದು ಒಂದೇ: ನೋವು ಅಂದಾಗ "ಏನ್ ತಿಂದಿ" ಅನ್ನಬೇಡಿ, "ಈಗ ಏನ್ ಬೇಕು" ಅನ್ನಿ. ಅತ್ತೆಗೆ ಸಿಟ್ಟು ಬಂತು. "ಕಾಳಜಿಗೆ ಕೇಳ್ತೀವ್ರಿ, ಅದೂ ತಪ್ಪೇನು?" ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರ ಮಾತೂ ಸುಳ್ಳಲ್ಲ. ಗೀತಾ ಮೆಲ್ಲಗೆ, "ನೀವು ಕೇಳಿದಾಗ ನಾ ಸುಳ್ಳ ಹೇಳ್ತೇನ್ರಿ ಅತ್ತಿ" ಎಂದಳು. ಬಚ್ಚಲ ನಳದ ವಿಷಯ ಗಂಡನಿಗೆ ಗೊತ್ತಾದದ್ದೂ ಆಗಲೇ. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ.

ವೈದ್ಯರು ಪರೀಕ್ಷೆಗಾಗಿ ಆರು ವಾರ ದಿನಾ ಗೋಧಿ ತಿನ್ನಲು ಹೇಳಿದರು. ಆ ಆರು ವಾರ ಅವಳು ಹೆದರಿದಷ್ಟು ಆಪರೇಷನ್ನಿಗೂ ಹೆದರುತ್ತಿರಲಿಲ್ಲವೇನೋ. ಮೊದಲ ವಾರದಲ್ಲೇ ಹೊಟ್ಟೆ ಉಬ್ಬಿತು. ಮುಟ್ಟಿನ ನೋವು ಬಂತು, ಆದರೆ ಗೋಧಿ ತಿನ್ನದ ತಿಂಗಳುಗಳಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಈ ಸಲ ಎರಡನ್ನೂ ಬೇರೆಬೇರೆ ಕಾಲಂನಲ್ಲಿ ಬರೆದಿದ್ದಳು. ಸೀಲಿಯಾಕ್ ಇರಲಿಲ್ಲ. ಸಿಸ್ಟ್ ಕೊಂಚ ಬೆಳೆದಿತ್ತು. ಮಾತ್ರೆ ಬಿಟ್ಟದ್ದರಿಂದಲೇ ಬೆಳೆಯಿತೆಂದು ನಾನು ಹೇಳಲಾರೆ, ಅದು ವೈದ್ಯರ ಮಾತು. ಆಹಾರತಜ್ಞೆಯ ಜೊತೆ ಒಂದೊಂದೇ ಪದಾರ್ಥ ಹಿಡಿದು ನೋಡಿದಾಗ ಹಸಿ ಉಳ್ಳಾಗಡ್ಡಿ ಅವಳಿಗೆ ಆಗುವುದಿಲ್ಲವೆಂದು ತಿಳಿಯಿತು. ಎರಡು ಚಪಾತಿಗೆ ತೊಂದರೆಯಿಲ್ಲ, ನಾಲ್ಕಾದರೆ ಉಬ್ಬರ. ತೂಕ 48ಕ್ಕೆ ಬಂದಿದೆ. ನೋವು ಈಗಲೂ ಇದೆ. ಮಗುವಿನ ಮಾತು ವೈದ್ಯರ ಜೊತೆ ನಡೆದಿದೆ, ಇನ್ನೂ ಮುಗಿದಿಲ್ಲ.

ಕಳೆದ ಸಲ ಅತ್ತೆಯೇ ಅವಳ ಜೊತೆ ಬಂದಿದ್ದರು. ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಕೋಣೆಯೊಳಗೆ ಬರದೆ ಹೊರಗೇ ಕೂತರು. ಹೊರಡುವಾಗ ಸೊಸೆಯನ್ನು ಮುಂದೆ ಕಳಿಸಿ, ಬಾಗಿಲಿಗೆ ಕೈಕೊಟ್ಟು ನಿಂತು ಕೇಳಿದರು: "ಹಂಗಾರ ಸಾರಿಗೆ ಇಂಗು ಹಾಕಬಹುದೇನ್ರಿ? ಆರು ತಿಂಗಳಾತು, ಒಗ್ಗರಣಿಗೆ ರುಚೀನ ಇಲ್ಲ."

ಹಾಕ್ರಿ ಅಂದೆ.