ಟೂಲ್ ಯಾವ್ದಾದ್ರೂ ಆಗ್ಲಿ, ವಿಳಾಸ ಮಾತ್ರ ನಿಮ್ಮ ಹೆಸರಲ್ಲಿರ್ಲಿ

ಪ್ರಶ್ನೆ: ಸುಮಾರು ವರ್ಷದಿಂದ ಚಿತ್ರ ಬರೀತಿದೀನಿ, ಎಲ್ಲಾನೂ ಒಂದೇ ಕಡೆ ಇಟ್ಟು ತೋರ್ಸೋಕೆ ನಂದೇ ಒಂದು ವೆಬ್‌ಸೈಟ್ ಬೇಕು. ಕೋಡಿಂಗ್ ಬರಲ್ಲ, ಕಲಿಯೋ ಮನಸ್ಸೂ ಇಲ್ಲ. ವಿಕ್ಸ್, ಸ್ಕ್ವೇರ್‌ಸ್ಪೇಸ್, ವರ್ಡ್‌ಪ್ರೆಸ್, ಗೂಗಲ್ ಸೈಟ್ಸ್ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಯಾವ್ದನ್ನ ನಂಬ್ಲಿ?

ಉತ್ತರ: ಕೋಡಿಂಗ್ ಬೇಡ ಅಂದ್ರೆ ಬೇಡ, ಅದಕ್ಕೆ ಸಂಕೋಚ ಯಾಕೆ, ನಿಮ್ಮ ಕೆಲಸ ಚಿತ್ರ ಬರ್ಯೋದು. ವಿಕ್ಸ್‌ನಲ್ಲಿ ಚಿತ್ರಾನ, ಬರಹಾನ ಎಳೆದು ಬೇಕಾದ ಜಾಗಕ್ಕೆ ಇಡಬಹುದು, ಸ್ವಾತಂತ್ರ್ಯ ಜಾಸ್ತಿ. ಆದ್ರೆ ಕಂಪ್ಯೂಟರ್‌ನಲ್ಲಿ ಚೆಂದ ಜೋಡಿಸಿದ್ದು ಫೋನ್‌ನಲ್ಲಿ ಹೇಗೆ ಕಾಣ್ಸುತ್ತೆ ಅಂತ ಬೇರೆಯಾಗಿ ಕೂತು ಸರಿಮಾಡ್ಬೇಕಾಗುತ್ತೆ, ಸುಮಾರು ಜನ ಇದನ್ನ ಮರೀತಾರೆ. ಸ್ಕ್ವೇರ್‌ಸ್ಪೇಸ್‌ನಲ್ಲಿ ಅಷ್ಟು ಸ್ವಾತಂತ್ರ್ಯ ಇಲ್ಲ, ಆದ್ರೆ ಟೆಂಪ್ಲೇಟ್‌ಗಳು, ಅಂದ್ರೆ ಸಿದ್ಧ ವಿನ್ಯಾಸಗಳು, ಚಿತ್ರಕ್ಕೆ ಹೇಳಿ ಮಾಡಿಸ್ದಂಗಿವೆ, ಏನೂ ಬದಲಾಯಿಸದೇ ಬಿಟ್ರೂ ಅಂದವಾಗೇ ಇರುತ್ತೆ. ಗೂಗಲ್ ಸೈಟ್ಸ್ ಎಲ್ಲಕ್ಕಿಂತ ಸುಲಭ, ನಾಲ್ಕೈದು ಪುಟಕ್ಕೆ ಸಾಕು, ಗ್ಯಾಲರಿ ಚೆನ್ನಾಗಿ ಕಾಣ್ಬೇಕು ಅಂದ್ರೆ ಸಾಲಲ್ಲ. ನಿಮ್ಮ ವಿಷ್ಯದಲ್ಲಿ ನಾನಾದ್ರೆ ಸ್ಕ್ವೇರ್‌ಸ್ಪೇಸ್ ಕಡೆಗೆ ವಾಲ್ತೀನಿ.

ಆದ್ರೆ ಒಳಗೆ ಹೋಗೋಕೆ ಮುಂಚೆ ಆಚೆ ಬರೋ ಬಾಗಿಲು ಎಲ್ಲಿದೆ ನೋಡ್ಕೊಳ್ಳಿ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನ ಹಾಗೇ ಎತ್ಕೊಂಡು ಇನ್ನೊಂದು ಹೋಸ್ಟಿಂಗ್‌ಗೆ, ಅಂದ್ರೆ ಸೈಟ್ ಇಡೋ ಜಾಗಕ್ಕೆ, ಹಾಕೋಕೆ ಆಗಲ್ಲ, ಅಲ್ಲಿ ಕಟ್ಟಿದ್ದು ಅಲ್ಲೇ. ಸ್ಕ್ವೇರ್‌ಸ್ಪೇಸ್‌ನಿಂದ ಬ್ಲಾಗ್ ಬರಹದಂಥ ಒಂದಷ್ಟು ಎಕ್ಸ್‌ಪೋರ್ಟ್ ಆಗುತ್ತೆ, ವಿನ್ಯಾಸ ಬರಲ್ಲ. ವರ್ಡ್‌ಪ್ರೆಸ್‌ನಲ್ಲಿ ಈ ಬಾಗಿಲು ದೊಡ್ಡದು, ಬರಹ ಪೂರ್ತಿ ಒಂದು ಫೈಲಾಗಿ ಕೈಗೆ ಸಿಗುತ್ತೆ. ಇದು ಸುಮ್ನೆ ಹೆದರ್ಸೋಕೆ ಹೇಳ್ತಿರೋದಲ್ಲ. ಜಿಯೋಸಿಟೀಸ್ ಅಂತ ಒಂದು ಉಚಿತ ಸೈಟ್ ಸೇವೆ 1994ರಲ್ಲಿ ಶುರುವಾಗಿತ್ತು, ಲಕ್ಷಾಂತರ ಜನರ ಮೊದಲ ಸೈಟ್ ಅಲ್ಲೇ ಇತ್ತು, 1999ರಲ್ಲಿ ಯಾಹೂ ಕೊಂಡ್ಕೊಂಡ್ತು, 2009ರಲ್ಲಿ ಮುಚ್ತು. ನಂಗೂ ಹಾಗೇ ಆಗಿದೆ, ಬೇರೊಂದು ಉಚಿತ ಸೇವೆಯಲ್ಲಿ ಮೂರು ವರ್ಷ ಸೈಟ್ ನಡೆಸಿದ್ದೆ, ಮುಚ್ತೀವಿ ಅಂತ ಮೇಲ್ ಬಂದಾಗ ನೋಡಿದ್ರೆ ಫೋಟೋಗಳ ಮೂಲ ನನ್ನತ್ರ ಇತ್ತು, ಆದ್ರೆ ಒಂದೊಂದು ಫೋಟೋ ಕೆಳಗೂ ಬರೆದಿದ್ದ ನಾಲ್ಕು ಸಾಲು ನೇರ ಪುಟದ ಮೇಲೇ ಟೈಪ್ ಮಾಡಿದ್ದು, ಬೇರೆಲ್ಲೂ ಇರ್ಲಿಲ್ಲ, ಕೂತು ಕಾಪಿ ಮಾಡೋಕೆ ಸಿಕ್ಕಿದ್ದು ಅರ್ಧಾನೇ. ಅವತ್ತಿಂದ ಮೊದ್ಲು ಒಂದು ಫೋಲ್ಡರ್‌ನಲ್ಲಿ ಬರ್ದಿಡ್ತೀನಿ, ಆಮೇಲೆ ಸೈಟಿಗೆ ಹಾಕ್ತೀನಿ. ನೀವೂ ಹಾಗೇ ಮಾಡಿ.

ಇನ್ನು ಡೊಮೈನ್, ಅಂದ್ರೆ ಸೈಟಿನ ವಿಳಾಸವಾಗೋ ಹೆಸರು. ಉಚಿತ ಪ್ಲಾನ್‌ನಲ್ಲಿ ಸಿಗೋ ವಿಳಾಸದಲ್ಲಿ ಕಂಪನಿ ಹೆಸ್ರೂ ಅಂಟ್ಕೊಂಡಿರುತ್ತೆ, ಅದನ್ನ ನಿಮ್ಮ ಪರಿಚಯ ಪತ್ರದ ಮೇಲೆ ಅಚ್ಚು ಹಾಕ್ಸಿದ್ರೋ, ನಾಳೆ ಜಾಗ ಬದಲಾಯಿಸ್ದಾಗ ಅಷ್ಟೂ ವ್ಯರ್ಥ. ಸ್ವಂತ ಡೊಮೈನ್ ತಗೊಂಡ್ರೆ ಒಳಗಿನ ಟೂಲ್ ಹತ್ತು ಸಲ ಬದಲಾಯಿಸಿ, ಡಿಎನ್‌ಎಸ್ ಸೆಟ್ಟಿಂಗ್ (ಆ ಹೆಸರು ಯಾವ ಕಡೆಗೆ ಹೋಗ್ಬೇಕು ಅಂತ ಹೇಳೋದು) ಹೊಸ ಕಡೆಗೆ ತಿರುಗಿಸಿದ್ರೆ ಆಯ್ತು, ನೋಡೋಕೆ ಬರೋರು ಅದೇ ವಿಳಾಸಕ್ಕೆ ಬರ್ತಾರೆ. ಸೈಟ್ ಕಟ್ಟೋಕೆ ಆರು ತಿಂಗಳು ತಗೊಂಡ್ರೂ ಚಿಂತೆ ಇಲ್ಲ, ಹೆಸರು ಮೊದ್ಲು ತಗೊಳ್ಳಿ.

ಪ್ರಶ್ನೆ: ವರ್ಡ್‌ಪ್ರೆಸ್ ಡಾಟ್ ಕಾಮ್, ವರ್ಡ್‌ಪ್ರೆಸ್ ಡಾಟ್ ಆರ್ಗ್ ಎರಡೂ ಒಂದೇನಾ? ನಾನು ವಾರಕ್ಕೊಂದು ಲೇಖನ ಹಾಕ್ಬೇಕು ಅಂತಿದೀನಿ.

ಉತ್ತರ: ಒಂದೇ ಅಲ್ಲ, ಈ ಗೊಂದಲ ಎಲ್ರಿಗೂ ಇದೆ. ವರ್ಡ್‌ಪ್ರೆಸ್ ಅನ್ನೋದು ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ (ಯಾರು ಬೇಕಾದ್ರೂ ಬಳಸಿ ಬದಲಾಯಿಸಬಹುದಾದದ್ದು), 2003ರಲ್ಲಿ ಮ್ಯಾಟ್ ಮಲ್ಲೆನ್‌ವೆಗ್ ಮತ್ತೆ ಮೈಕ್ ಲಿಟ್ಲ್ ಇಬ್ರೂ ಸೇರಿ ಶುರು ಮಾಡಿದ್ದು. ಡಾಟ್ ಆರ್ಗ್‌ನಲ್ಲಿ ಆ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ಹೋಸ್ಟಿಂಗ್ ನೀವೇ ತಗೊಂಡು ಅದ್ರಲ್ಲಿ ಹಾಕ್ಕೋಬೇಕು. ಡಾಟ್ ಕಾಮ್ ಅನ್ನೋದು ಆಟೊಮ್ಯಾಟಿಕ್ ಅನ್ನೋ ಕಂಪನಿ ಅದೇ ಸಾಫ್ಟ್‌ವೇರನ್ನ ತಾನೇ ನಡೆಸಿ ಕೊಡೋ ಸೇವೆ. ಸ್ವಂತ ಹೋಸ್ಟಿಂಗ್ ಅಂದ್ರೆ ಅಪ್‌ಡೇಟ್, ಬ್ಯಾಕಪ್ ಎಲ್ಲಾ ನಿಮ್ಮ ತಲೆ ಮೇಲೆ, ಹಳೇ ಪ್ಲಗಿನ್ (ಮೇಲಿಂದ ಸೇರಿಸೋ ಚಿಕ್ಕ ಸಾಫ್ಟ್‌ವೇರ್) ಒಂದನ್ನ ಅಪ್‌ಡೇಟ್ ಮಾಡದೇ ಬಿಟ್ರೆ ಸಾಕು, ಅದೇ ಸಂದಿಯಿಂದ ಯಾರೋ ಒಳಗೆ ನುಗ್ತಾರೆ. ವಾರಕ್ಕೊಂದು ಲೇಖನ ಅಂದ್ರಲ್ಲ, ವರ್ಡ್‌ಪ್ರೆಸ್ ಹುಟ್ಟಿದ್ದೇ ಅದಕ್ಕೆ. ಡಾಟ್ ಕಾಮ್‌ನಲ್ಲಿ ಶುರು ಮಾಡಿ, ಕೈ ಕುದುರಿದ ಮೇಲೆ ಬೇಕಾದ್ರೆ ಬರಹ ಎಕ್ಸ್‌ಪೋರ್ಟ್ ಮಾಡ್ಕೊಂಡು ಸ್ವಂತ ಹೋಸ್ಟಿಂಗ್‌ಗೆ ಹೋಗಿ. ವರ್ಷಕ್ಕೊಂದ್ಸಲ ಬದಲಾಗೋ ನಾಲ್ಕು ಪುಟದ ಸೈಟ್ ಆಗಿದ್ರೆ ಮಾತ್ರ ವರ್ಡ್‌ಪ್ರೆಸ್ ಬೇಡ ಅಂತಿದ್ದೆ, ಅಷ್ಟಕ್ಕೆ ಅದು ಭಾರ.

ಪ್ರಶ್ನೆ: ಎಚ್‌ಟಿಎಂಎಲ್, ಸಿಎಸ್‌ಎಸ್ ಅನ್ನೋ ಪುಟ ಬರೆಯೋ ಕೋಡ್ ಕಲಿತು ಕೈಯಾರೆ ಸೈಟ್ ಬರೆದು ಗಿಟ್‌ಹಬ್ ಪೇಜಸ್ ಅನ್ನೋ ಹೋಸ್ಟಿಂಗ್ ಸೇವೆಗೆ ಹಾಕಿದೀನಿ. ನನ್ನ ಕಂಪ್ಯೂಟರ್‌ನಲ್ಲಿ ಎಲ್ಲಾ ಸರಿ ಇದೆ, ಅಲ್ಲಿ ಹಾಕಿದ ಮೇಲೆ ಅರ್ಧಕ್ಕರ್ಧ ಫೋಟೋ ಕಾಣ್ತಿಲ್ಲ. ಎರಡು ದಿನದಿಂದ ತಲೆ ಕೆಟ್ಟೋಗಿದೆ.

ಉತ್ತರ: ಕೈಯಾರೆ ಬರೆದಿದೀರಿ ಅಂತ ಓದಿ ತುಂಬಾ ಖುಷಿ ಆಯ್ತು! ಫೈಲ್ ಹೆಸರು ನೋಡಿ ಮೊದ್ಲು. ವಿಂಡೋಸ್‌ನಲ್ಲಿ ಇಂಗ್ಲಿಷ್ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ ಲೆಕ್ಕ, ಗಿಟ್‌ಹಬ್ ಪೇಜಸ್‌ನಲ್ಲಿ ಬೇರೆ ಬೇರೆ. ಕ್ಯಾಮೆರಾದಿಂದ ಬಂದ ಫೋಟೋ ಹೆಸರಿನ ಕೊನೆಗೆ ಜೆಪಿಜಿ ಅನ್ನೋದು ಎಷ್ಟೋ ಸಲ ದೊಡ್ಡಕ್ಷರದಲ್ಲಿರುತ್ತೆ, ನೀವು ಕೋಡ್‌ನಲ್ಲಿ ಚಿಕ್ಕಕ್ಷರದಲ್ಲಿ ಬರೆದಿರ್ತೀರಿ, ಸರ್ವರ್ ಪಾಲಿಗೆ ಅಂಥ ಫೈಲೇ ಇಲ್ಲ. ಎಲ್ಲಾ ಹೆಸರನ್ನೂ ಚಿಕ್ಕಕ್ಷರ ಮಾಡಿ, ಮಧ್ಯ ಖಾಲಿ ಜಾಗ ಬಿಡ್ಬೇಡಿ, ಅಡ್ಡಗೆರೆ (ಹೈಫನ್) ಹಾಕಿ. ಇನ್ನೊಂದು ಕಾರಣ ದಾರಿ, ಅಂದ್ರೆ ಪಾತ್. ಫೋಟೋ ವಿಳಾಸ ಸಿ ಡ್ರೈವ್‌ನಿಂದ ಶುರುವಾಗ್ತಿದ್ರೆ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ನಡೆಯುತ್ತೆ, ಸೈಟಿನ ಫೋಲ್ಡರ್ ಒಳಗಿನ ದಾರಿ ಕೊಡಿ. ಹಾಗೇ ಸೈಟಿನ ಗಾತ್ರ 1 ಜಿಬಿ ದಾಟಬಾರದು ಅಂತ ಅಲ್ಲಿ ಮಿತಿ ಇದೆ, ಫೋಟೋ ಜಾಸ್ತಿ ಇದ್ರೆ, ಒಂದೊಂದೂ 4000 ಪಿಕ್ಸೆಲ್ ಅಗಲ ಇಟ್ಟಿದ್ರೆ 1600ಕ್ಕೆ ಇಳಿಸಿ, ಪರದೆ ಮೇಲೆ ವ್ಯತ್ಯಾಸ ಗೊತ್ತಾಗಲ್ಲ, ಪುಟ ಮಾತ್ರ ಬೇಗ ತೆರ್ಕೊಳ್ಳುತ್ತೆ.

ಪ್ರಶ್ನೆ: 2004ರಲ್ಲಿ ಡ್ರೀಮ್‌ವೀವರ್ ಅನ್ನೋ ಸೈಟ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟ್ ಇನ್ನೂ ಹಾಗೇ ಇದೆ. ಫೋನ್‌ನಲ್ಲಿ ಅಕ್ಷರ ಇರುವೆ ಗಾತ್ರ ಕಾಣ್ಸುತ್ತೆ, ಮೊದಲ ಪುಟದಲ್ಲಿ ಖಾಲಿ ಚೌಕ. ಎಲ್ಲಾ ಕಿತ್ತಾಕಿ ಹೊಸದು ಮಾಡ್ಲಾ?

ಉತ್ತರ: ಅಷ್ಟು ವರ್ಷ ಉಳಿಸ್ಕೊಂಡಿರೋದೇ ದೊಡ್ಡ ವಿಷ್ಯ, ಕಿತ್ತಾಕ್ಬೇಡಿ. ಆ ಖಾಲಿ ಚೌಕ ಬಹುಶಃ ಫ್ಲ್ಯಾಶ್ ಅನ್ನೋ ಹಳೇ ತಂತ್ರಜ್ಞಾನದಲ್ಲಿ ಮಾಡಿದ ಅನಿಮೇಷನ್, ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಸಿಬಿಡ್ತು, ಅದನ್ನ ತೆಗೆದು ಒಂದು ಚಿತ್ರ ಹಾಕಿ. ಅಕ್ಷರ ಚಿಕ್ಕದಾಗೋದು ವ್ಯೂಪೋರ್ಟ್ ಅನ್ನೋ ಒಂದು ಮೆಟಾ ಟ್ಯಾಗ್ (ಪುಟದ ಕೋಡ್‌ನ ಒಂದು ಸಾಲು) ಇಲ್ಲದೇ ಇರೋದಕ್ಕೆ, ಅದಿಲ್ಲದಿದ್ರೆ ಫೋನ್ ಇದು ಕಂಪ್ಯೂಟರ್ ಪುಟ ಅಂದ್ಕೊಂಡು ಪೂರ್ತಿ ಅಗಲ ತೋರ್ಸೋಕೆ ಎಲ್ಲಾನೂ ಕುಗ್ಗಿಸುತ್ತೆ. ಟ್ಯಾಗ್ ಹಾಕಿದ ಮೇಲೆ ಪುಟ ಪಕ್ಕಕ್ಕೆ ಹರಡಿದ್ರೆ ಗಾಬರಿ ಬೇಡ, ಆ ಕಾಲದಲ್ಲಿ ಪುಟ ಜೋಡಿಸೋಕೆ ಟೇಬಲ್ ಬಳಸ್ತಿದ್ರು, ಆ ಟೇಬಲ್‌ಗಳ ಅಗಲ ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿರುತ್ತೆ. ಬರಹ ಹಾಗೇ ಇಟ್ಟು ಟೇಬಲ್ ಬಿಚ್ಚಿ, ಒಂದೊಂದೇ ಪುಟ ಮಾಡಿದ್ರೂ ಸಾಕು. ಪುಟಗಳ ವಿಳಾಸ ಮಾತ್ರ ಬದಲಾಯಿಸ್ಬೇಡಿ, ಇಷ್ಟು ವರ್ಷದಲ್ಲಿ ಯಾರ್ಯಾರು ಲಿಂಕ್ ಇಟ್ಕೊಂಡಿದಾರೋ.

ಪ್ರಶ್ನೆ: ಪರಿಚಯದವ್ರೊಬ್ರು ಸೈಟ್ ಮಾಡಿಕೊಟ್ರು, ಡೊಮೈನನ್ನೂ ಅವ್ರೇ ತಗೊಂಡ್ರು. ಈಗ ಫೋನ್ ಎತ್ತಲ್ಲ. ಡೊಮೈನ್ ಅವಧಿ ಮುಗಿದ್ರೆ ಏನ್ಮಾಡ್ಲಿ?

ಉತ್ತರ: ಇಂಥ ಪತ್ರ ಪದೇ ಪದೇ ಬರುತ್ತೆ, ಬಂದಾಗೆಲ್ಲಾ ಬೇಜಾರಾಗುತ್ತೆ. ಇವತ್ತೇ ಹೂಈಸ್ ಅನ್ನೋ, ಡೊಮೈನ್ ವಿವರ ತೋರ್ಸೋ ಹುಡುಕಾಟದಲ್ಲಿ ನಿಮ್ಮ ಡೊಮೈನ್ ಹಾಕಿ ನೋಡಿ, ಮಾಲೀಕರ ಹೆಸರು ಮುಚ್ಚಿಟ್ಟಿದ್ರೂ ಯಾವ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿಕೊಟ್ಟ ಕಂಪನಿ), ಮುಗಿಯೋ ದಿನ ಯಾವುದು ಅನ್ನೋದು ಸಿಗುತ್ತೆ. ಸೈಟ್‌ನಲ್ಲಿರೋ ಬರಹ, ಫೋಟೋ ಎಲ್ಲಾ ಇಳಿಸಿಟ್ಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆಮೇಲೆ ಅವ್ರಿಗೆ ಮೇಲ್‌ನಲ್ಲಿ ಬರವಣಿಗೆಯಲ್ಲೇ ಕೇಳಿ, ಡೊಮೈನ್ ಅನ್‌ಲಾಕ್ ಮಾಡಿ ಟ್ರಾನ್ಸ್‌ಫರ್ ಕೋಡ್ ಕೊಡಿ ಅಂತ, ಆ ಕೋಡ್ ಸಿಕ್ರೆ ನಿಮ್ಮ ಸ್ವಂತ ಖಾತೆಗೆ ತಂದ್ಕೋಬಹುದು. ಜಗಳದ ಮಾತು ಬೇಡ, ಎಷ್ಟೋ ಸಲ ಅವ್ರಿಗೂ ಮರ್ತೋಗಿರುತ್ತೆ. ಡಾಟ್ ಕಾಮ್ ಥರದ ಡೊಮೈನ್ ಅವಧಿ ಮುಗಿದು ಅಳಿಸಿಹೋದ್ರೂ 30 ದಿನ ರಿಡೆಂಪ್ಶನ್ ಅನ್ನೋ ಅವಕಾಶ ಇರುತ್ತೆ, ಆದ್ರೆ ಆಗ ವಾಪಸ್ ಕೇಳೋ ಹಕ್ಕೂ ಖಾತೆ ಯಾರ ಹೆಸರಲ್ಲಿದೆಯೋ ಅವ್ರಿಗೇ, ಅದಕ್ಕೇ ಈಗ್ಲೇ ಹಿಂದೆ ಬೀಳಿ. ಸಿಗ್ಲೇ ಇಲ್ಲ ಅಂದ್ರೆ ಹೊಸ ಡೊಮೈನ್ ತಗೊಂಡು, ಹಳೇದು ನಡೀತಿರುವಾಗ್ಲೇ ಗೊತ್ತಿರೋರಿಗೆಲ್ಲಾ ಹೊಸ ವಿಳಾಸ ಕೊಟ್ಟುಬಿಡಿ. ಈ ಸಲ ಖಾತೆಗೆ ಕೊಡೋ ಇಮೇಲ್ ನಿಮ್ಮದೇ ಆಗಿರ್ಲಿ, ಆದ್ರೆ ಆ ಡೊಮೈನ್ ಮೇಲೇ ನಡೆಯೋ ಇಮೇಲ್ ಕೊಡ್ಬೇಡಿ, ಡೊಮೈನ್ ನಿಂತ ದಿನ ಅದೂ ನಿಂತ್ಹೋಗುತ್ತೆ, ರಿಜಿಸ್ಟ್ರಾರ್ ಕಳ್ಸೋ ಎಚ್ಚರಿಕೆ ನಿಮಗೆ ತಲುಪೋದೇ ಇಲ್ಲ.